ಜನವರಿಗೆ ಹೊಸ ಕೋಚ್, ಮಾರ್ಚ್‌ಗೆ ಟೂರ್ನಿ: ಮಹಿಳಾ ಹಾಕಿ ತಂಡದ ಬಗ್ಗೆ ಏನಂತೀರಿ?

ಪಡುಬಿದ್ರಿ ಪ್ರೇಕ್ಷಕ

ಈ ಗುಂಪಲ್ಲಿ ಕ್ರಿಕೆಟ್, ಕಬಡ್ಡಿ, ಕಂಬಳ ಬಿಟ್ಟು ಬೇರೆ ಮಾತಿಗೆ ಲೈಕ್ ಬೀಳುವುದಿಲ್ಲ ಅಂತ ಗೊತ್ತು. ಆದರೂ ಕೇಳಿಯೇ ಬಿಡುತ್ತೇನೆ.

ಹಾಕಿ ನೋಡದವರಿಗೆ ಹಿನ್ನೆಲೆ ಇಷ್ಟು. ನಮ್ಮ ಮಹಿಳಾ ತಂಡ ವಿಶ್ವದ ದೊಡ್ಡ ತಂಡಗಳು ಆಡುವ ಪ್ರೊ ಲೀಗ್‌ನ 2024-25ರ ಸೀಸನ್‌ನಲ್ಲಿ ಕಟ್ಟಕಡೆಗೆ ಬಿದ್ದು ಲೀಗ್‌ನಿಂದಲೇ ಹೊರಗಾಯಿತು. 16 ಪಂದ್ಯ, 10 ಅಂಕ. 2025ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಫೈನಲ್‌ವರೆಗೆ ಹೋಗಿ ಚೀನಾಕ್ಕೆ 1-4ರಿಂದ ಸೋತಿತು. ಗೆದ್ದಿದ್ದರೆ ನೇರ ವಿಶ್ವಕಪ್. ಸೋತದ್ದಕ್ಕೆ ಈಗ 2026ರ ಮಾರ್ಚ್‌ನಲ್ಲಿ ಹೈದರಾಬಾದಿನಲ್ಲಿ ಅರ್ಹತಾ ಟೂರ್ನಿ ಆಡಬೇಕು. ಡಿಸೆಂಬರ್ 1ಕ್ಕೆ ಕೋಚ್ ಹರೇಂದ್ರ ಸಿಂಗ್ ವೈಯಕ್ತಿಕ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಜನವರಿ 2ಕ್ಕೆ ದೇಶದ ಹಾಕಿ ನಡೆಸುವ ಸಂಸ್ಥೆ ಹಾಕಿ ಇಂಡಿಯಾ ಶೋರ್ಡ್ ಮರಿನ್ ಹೆಸರು ಹೇಳಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಹುಡುಗಿಯರನ್ನು ಸೆಮಿಫೈನಲ್‌ಗೆ ತಂದ ಅದೇ ಡಚ್ ಕೋಚ್.

ಎಲ್ಲರೂ ಖುಷಿಯಲ್ಲಿದ್ದಾರೆ. ನನಗೆ ಅಷ್ಟು ಖುಷಿ ಇಲ್ಲ. ಮರಿನ್ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಲ್ಲಿ ಕೋಚ್ ಬದಲಾಗುವ ರೀತಿ ನೋಡಿ. 2015ರಲ್ಲಿ ಪುರುಷರ ತಂಡಕ್ಕೆ ಬಂದ ಪಾಲ್ ವ್ಯಾನ್ ಆಸ್ ಅರ್ಧ ವರ್ಷಕ್ಕೆ ಮನೆಗೆ ಹೋದರು. ಮೈದಾನದಲ್ಲೇ ಹಾಕಿ ಇಂಡಿಯಾದ ಆಗಿನ ಅಧ್ಯಕ್ಷರ ಜೊತೆ ಮಾತಿಗೆ ಮಾತು ಬೆಳೆದದ್ದು ಪೇಪರಲ್ಲೆಲ್ಲ ಬಂದಿತ್ತು. ಅವರ ಜಾಗಕ್ಕೆ ಬಂದ ಓಲ್ಟ್‌ಮನ್ಸ್ 2017ರ ಸೆಪ್ಟೆಂಬರ್‌ನಲ್ಲಿ ಔಟ್. ಆಗ ಮಹಿಳಾ ತಂಡದಲ್ಲಿದ್ದ ಮರಿನ್‌ರನ್ನು ಎತ್ತಿ ಪುರುಷರ ತಂಡಕ್ಕೆ ಹಾಕಿದರು, ಹರೇಂದ್ರರನ್ನು ಮಹಿಳಾ ತಂಡಕ್ಕೆ ತಂದರು. 2018ರ ಕಾಮನ್‌ವೆಲ್ತ್‌ನಲ್ಲಿ ಪುರುಷರಿಗೆ ಪದಕ ಬರಲಿಲ್ಲ ಅಂತ ಇಬ್ಬರನ್ನೂ ಅದಲು ಬದಲು ಮಾಡಿದರು. 2019ರ ಜನವರಿಯಲ್ಲಿ ಹರೇಂದ್ರ ಔಟ್. ಈಗ ಮತ್ತೆ ಅದೇ ಇಬ್ಬರು, ಒಬ್ಬರು ಹೋಗಿ ಇನ್ನೊಬ್ಬರು ಬಂದಿದ್ದಾರೆ.

ಕೋಚ್ ಬದಲಿಸುವವರ ಚಾಳಿ ಬದಲಾಗದೆ ಬರೀ ಕೋಚ್ ಬದಲಾದರೆ ತಂಡ ಮೇಲೇಳುತ್ತಾ? ನನ್ನ ಪ್ರಕಾರ ಇಲ್ಲ. ಬೈಯುವವರು ಬೈಯಿರಿ.

ಕದ್ರಿ ಗೋಲಿ

ಬೈಯುವುದಿಲ್ಲ ಮಾರಾಯ್ರೆ. ಹಾಕಿ ಬಗ್ಗೆ ಒಂದು ಪೋಸ್ಟ್ ಬಂತಲ್ಲ, ಅದೇ ದೊಡ್ಡದು.

ಆದರೆ ನೀವು ಒಂದು ವಿಷಯ ಬಿಟ್ಟಿದ್ದೀರಿ. ಆ ಅದಲು ಬದಲಿನಿಂದಲೇ ಟೋಕಿಯೋ ಬಂತು. ಮರಿನ್‌ರನ್ನು ಮಹಿಳಾ ತಂಡಕ್ಕೆ ವಾಪಸ್ ಕಳಿಸದೆ ಇದ್ದಿದ್ದರೆ 2021ರಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಸೋಲಿಸುವ ಕ್ವಾರ್ಟರ್‌ಫೈನಲ್ ಎಲ್ಲಿತ್ತು? ಗುರ್ಜಿತ್ ಕೌರ್ ಒಂದು ಗೋಲು ಹೊಡೆದದ್ದು, ಆಮೇಲೆ ಸವಿತಾ ಗೋಡೆ ಹಾಗೆ ನಿಂತದ್ದು. ನಾನು ಹಳೇ ಗೋಲ್‌ಕೀಪರ್, ಸವಿತಾ ವಿಷಯದಲ್ಲಿ ಪಕ್ಷಪಾತ ಮಾಡಿಯೇ ಮಾಡುತ್ತೇನೆ.

ಹಾಗಾಗಿ ಮ್ಯಾನೇಜ್‌ಮೆಂಟ್ ಕಣ್ಣು ಮುಚ್ಚಿ ಮಾಡಿದ ಬದಲಾವಣೆಯೂ ಕೆಲವು ಸಲ ನಾಟುತ್ತದೆ.

ಪಡುಬಿದ್ರಿ ಪ್ರೇಕ್ಷಕ

ನಾಟಿದ್ದು ಬದಲಾವಣೆ ಅಲ್ಲ, ಆಮೇಲೆ ಅವರನ್ನು ಮುಟ್ಟದೆ ಬಿಟ್ಟದ್ದು. 2018ರ ಮೇಯಿಂದ 2021ರ ಆಗಸ್ಟ್‌ವರೆಗೆ ಒಬ್ಬರೇ ಕೋಚ್. ಮೂರು ವರ್ಷಕ್ಕಿಂತ ಜಾಸ್ತಿ. ಕೊರೋನಾದಿಂದ ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು, ಅದೂ ಲಾಭವೇ ಆಯಿತು. ಹುಡುಗಿಯರು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕ್ಯಾಂಪಸ್‌ನಲ್ಲಿ ತಿಂಗಳುಗಟ್ಟಲೆ ಒಟ್ಟಿಗಿದ್ದರು. ಟೋಕಿಯೋದಲ್ಲಿ ಮೊದಲ ಮೂರು ಪಂದ್ಯ ಸೋತರು, ನೆನಪುಂಟಾ? ನೆದರ್ಲೆಂಡ್ಸ್‌ಗೆ 1-5, ಜರ್ಮನಿಗೆ 0-2, ಬ್ರಿಟನ್‌ಗೆ 1-4. ಒಂದು ವರ್ಷದ ಹಿಂದೆ ಬಂದ ಕೋಚ್ ಆಗಿದ್ದರೆ ಅಲ್ಲಿಗೆ ಡ್ರೆಸ್ಸಿಂಗ್ ರೂಮ್ ಒಡೆದು ಹೋಗುತ್ತಿತ್ತು.

ಕುಂದಾಪ್ರ ಟು ವ್ಯಾಂಕೂವರ್

ಹ್ವಾಯ್, ನಾನು ಐಸ್ ಹಾಕಿ ಊರಿನಿಂದ ಬರೆಯುತ್ತಿದ್ದೇನೆ. ನಿಮ್ಮ ಹಾಕಿ ಬೇರೆ, ಇಲ್ಲಿಯದು ಬೇರೆ, ಒಪ್ಪಿದೆ. ಆದರೆ ಸೀಸನ್ ನಡುವೆ ಕೋಚ್ ಕಿತ್ತು ಹಾಕುವುದರಲ್ಲಿ ಇಲ್ಲಿಯ ದೊಡ್ಡ ಐಸ್ ಹಾಕಿ ಲೀಗ್, ಈ ಎನ್‌ಎಚ್‌ಎಲ್‌ನವರನ್ನು ಮೀರಿಸುವವರಿಲ್ಲ. 82 ಪಂದ್ಯದ ಸೀಸನ್. ನವೆಂಬರ್ ಬಂದರೆ ಸಾಕು, ಒಬ್ಬರ ತಲೆ ಉರುಳುತ್ತದೆ.

ಮತ್ತೆ ಅದು ಕೆಲಸ ಮಾಡುತ್ತದೆ ಕೂಡ. ಸೇಂಟ್ ಲೂಯಿಸ್ ಬ್ಲೂಸ್ 2018ರ ನವೆಂಬರ್‌ನಲ್ಲಿ ಮೈಕ್ ಯೋ ಅವರನ್ನು ತೆಗೆದು ಕ್ರೇಗ್ ಬೆರೂಬೆ ಕೈಗೆ ತಂಡ ಕೊಟ್ಟಿತು. 2019ರ ಜನವರಿ 3ಕ್ಕೆ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನ, 31 ತಂಡದಲ್ಲಿ 31ನೆಯದು. ಜೂನ್‌ಗೆ ಲೀಗ್ ಗೆದ್ದವರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಎತ್ತಿದರು! ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಅಂತೂ ಎರಡು ಸಲ ಹೀಗೆ ಮಾಡಿದ್ದಾರೆ. 2009ರ ಫೆಬ್ರವರಿಯಲ್ಲಿ ಡ್ಯಾನ್ ಬೈಲ್ಸ್ಮಾ ಬಂದರು, ಅದೇ ವರ್ಷ ಕಪ್. 2015ರ ಡಿಸೆಂಬರ್‌ನಲ್ಲಿ ಮೈಕ್ ಸಲಿವನ್ ಬಂದರು, 2016 ಮತ್ತು 2017 ಎರಡೂ ವರ್ಷ ಕಪ್.

ಅರ್ಧದಲ್ಲಿ ಬದಲಿಸಬಾರದು ಅನ್ನುವುದು ಸುಮ್ನೆ ಮಡಿವಂತಿಕೆ.

ಮಣಿಪಾಲ ಲೆಕ್ಕ

ಗೆದ್ದವರನ್ನು ಮಾತ್ರ ಎಣಿಸಿದರೆ ಎಲ್ಲವೂ ಕೆಲಸ ಮಾಡುತ್ತದೆ ಸ್ವಾಮಿ. ಬಫಲೋ ಸೇಬರ್ಸ್ ಹೆಸರು ಯಾಕೆ ಬಿಟ್ಟಿರಿ? 2013ರ ನವೆಂಬರ್ 13ಕ್ಕೆ ಜನರಲ್ ಮ್ಯಾನೇಜರ್, ಕೋಚ್ ಇಬ್ಬರನ್ನೂ ಒಂದೇ ದಿನ ತೆಗೆದರು. ಊರಿನ ಹಳೇ ಹೀರೋ ಪ್ಯಾಟ್ ಲಾಫೊಂಟೇನ್ ಅವರನ್ನು ತಂದು ಮೇಲೆ ಕೂರಿಸಿದರು. ಹಳೇ ಕೋಚ್ ಟೆಡ್ ನೋಲನ್ ಅವರನ್ನೂ ವಾಪಸ್ ಕರೆದರು. ಜನ ಹುಚ್ಚೆದ್ದು ಕುಣಿದರು. ಮಾರ್ಚ್ 1ಕ್ಕೆ ಲಾಫೊಂಟೇನ್ ಬಿಟ್ಟು ಹೋದರು. ಸೀಸನ್ ಮುಗಿದಾಗ 52 ಅಂಕ, ಲೀಗ್‌ನಲ್ಲಿ ಕೊನೆ. ಆಮೇಲೂ ವರ್ಷಗಟ್ಟಲೆ ಪ್ಲೇಆಫ್ ಮುಖ ನೋಡಲಿಲ್ಲ.

ಹಳೇ ಕೋಚ್ ವಾಪಸ್ ಬಂದಾಗ ನಮ್ಮವರು ಕುಣಿಯುವುದು ನೋಡಿ ನನಗೆ ನೆನಪಾದದ್ದು ಬಫಲೋ.

ಇನ್ನೊಂದು ವಿಷಯ. ಕೋಚ್‌ನನ್ನು ತೆಗೆಯುವುದು ಯಾವಾಗ? ತಂಡ ಅತಿ ಕೆಳಗೆ ಬಿದ್ದಾಗ. ಅಷ್ಟು ಕೆಳಗೆ ಬಿದ್ದ ತಂಡ ಏನೂ ಮಾಡದೆ ಬಿಟ್ಟರೂ ಸ್ವಲ್ಪ ಮೇಲೆ ಬರುತ್ತದೆ, ಏಕೆಂದರೆ ದುರದೃಷ್ಟವೂ ಅದರಲ್ಲಿ ಸೇರಿರುತ್ತದೆ. ಆ ಹೆಸರು ಹೊಸ ಕೋಚ್‌ಗೆ ಹೋಗುತ್ತದೆ. ನಮ್ಮ ಹುಡುಗಿಯರದ್ದೇ ನೋಡಿ. 2025ರ ಜೂನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 2-3, 1-2. ಬೆಲ್ಜಿಯಂ ವಿರುದ್ಧ ಎರಡನೇ ಪಂದ್ಯ 1-2. ಚೀನಾ ವಿರುದ್ಧ ಕೊನೆಯ ಪಂದ್ಯ 2-3. ಅರ್ಜೆಂಟೀನಾ ವಿರುದ್ಧ 2-2 ಮಾಡಿ ಶೂಟೌಟ್‌ನಲ್ಲಿ ಸೋತರು. ಯುರೋಪ್ ಪ್ರವಾಸದಲ್ಲಿ ಒಂದೂ ಗೆಲುವಿಲ್ಲ, ನಿಜ. ಆದರೆ ಇದು ಪೂರ್ತಿ ಕೆಟ್ಟುಹೋದ ತಂಡದ ಸ್ಕೋರ್ ಅಲ್ಲ.

ಪಿಟಿ ಮಾಸ್ಟ್ರು, ಉಡುಪಿ

ನಮಸ್ಕಾರ. ರಿಟೈರ್ ಆದ ಮೇಲೆ ಟೈಮ್ ಜಾಸ್ತಿ, ಹಾಗಾಗಿ ಉದ್ದ ಬರೆಯುತ್ತೇನೆ.

ಒಂದೇ ಗೋಲಿನ ಸೋಲನ್ನು ದುರದೃಷ್ಟ ಅಂದಿರಿ. ಒಂದು ಸಲ ಆದರೆ ದುರದೃಷ್ಟ. ನಾಲ್ಕು ಸಲ ಆದರೆ ಕೊನೆಯ ಕ್ವಾರ್ಟರ್‌ನಲ್ಲಿ ಕಾಲಿನ ಕಸುವು ಮುಗಿದಿದೆ ಅಂತ ಲೆಕ್ಕ. ಅದನ್ನು ಸರಿ ಮಾಡುವುದು ಯಾರ ಕೆಲಸ? ಕೋಚ್‌ನದ್ದೇ. ಸುಮ್ಮನೆ ಮೇಲಿನವರನ್ನು ಬೈದು ಕೋಚ್‌ಗೆ ರಜೆ ಕೊಡಬೇಡಿ.

ನನಗಿರುವ ಸಿಟ್ಟು ಬೇರೆ. ಪ್ರೊ ಲೀಗ್‌ನಿಂದ ಹೊರಬಿದ್ದದ್ದು ಜೂನ್ ಕೊನೆಗೆ. ಬದಲಿಸುವುದಿದ್ದರೆ ಅವತ್ತೇ ಕುಳಿತು ಮಾತಾಡಬೇಕಿತ್ತು. ಮುಂದುವರಿಸುವುದಿದ್ದರೆ ಗಟ್ಟಿಯಾಗಿ ಅವರ ಬೆನ್ನಿಗೆ ನಿಲ್ಲಬೇಕಿತ್ತು. ಡಿಸೆಂಬರ್‌ವರೆಗೆ ಹಾಗೇ ಹೋಯಿತು. ಐದು ತಿಂಗಳು ಸುಮ್ಮನೆ ಕಳೆದು ಈಗ ಹೊಸ ಕೋಚ್ ಕೈಗೆ ಕೊಟ್ಟದ್ದು ಏಳೆಂಟು ವಾರ.

ಯಕ್ಷಗಾನ ನೋಡುವವರಿಗೆ ಗೊತ್ತು. ತಿರುಗಾಟದ ನಡುವೆ ಮೇಳದ ಭಾಗವತರು ಬದಲಾದರೆ ವೇಷಧಾರಿಗಳು ಮೊದಲ ಕೆಲವು ಆಟ ಹೆಜ್ಜೆ ಹಾಕುವುದು ಬಿಟ್ಟು ಭಾಗವತರ ಮುಖ ನೋಡುತ್ತಾರೆ. ಪದ್ಯ ಎಲ್ಲಿ ಎತ್ತುತ್ತಾರೆ, ಎಲ್ಲಿ ಬಿಡುತ್ತಾರೆ ಅಂತ. ಹಾಕಿಯಲ್ಲಿ ಹಾಗೆ ಮುಖ ನೋಡುತ್ತಾ ನಿಂತರೆ ಎದುರಿನವರು ನಮ್ಮ ಗೋಲಿನ ಮುಂದಿನ ಸರ್ಕಲ್ ಒಳಗೆ ಬಂದಿರುತ್ತಾರೆ.

ಕದ್ರಿ ಗೋಲಿ

ಮಾಸ್ಟ್ರೇ, ಮೇಳದಲ್ಲಿ ಭಾಗವತರು ಬದಲಾದರೂ ಪ್ರಸಂಗ ಅದೇ ಇರುತ್ತದಲ್ವಾ? ಇಲ್ಲಿ ಪ್ರಸಂಗವೂ ಬದಲು, ವೇಷವೂ ಬದಲು. 2024ರ ಮೇಯಲ್ಲಿ ಸವಿತಾ ಕೈಯಿಂದ ಕ್ಯಾಪ್ಟನ್ಸಿ ಸಲೀಮಾ ಟೇಟೆಗೆ ಹೋಯಿತು.

ಲೆಫ್ಟ್‌ಹಾಫ್ ಅಕ್ಕ

ಗಂಡಸರೆಲ್ಲ ಕೋಚ್ ಕೋಚ್ ಅಂತ ಹೊಡೆದಾಡುತ್ತಿದ್ದೀರಿ. ಆಡುವವರಿಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಕೇಳಿ.

ನಾನು ಯೂನಿವರ್ಸಿಟಿ ಮಟ್ಟದವರೆಗೆ ಆಡಿದ್ದೇನೆ. ತಂಡದ ಹೆಸರು ಬೇಡ. ಟೂರ್ನಿಗೆ ಸ್ವಲ್ಪವೇ ದಿನ ಇರುವಾಗ ನಮ್ಮ ಕೋಚ್ ಬದಲಾದರು. ಹೊಸಬರು ಬಂದು ಮೊದಲು ಮಾಡಿದ ಕೆಲಸ ನನ್ನನ್ನು ಲೆಫ್ಟ್ ಹಾಫ್‌ನಿಂದ ರೈಟ್ ಹಾಫ್‌ಗೆ ಹಾಕಿದ್ದು. ಕೇಳುವವರಿಗೆ ಎಡ, ಬಲ, ಅಷ್ಟೇ ಅನಿಸುತ್ತದೆ. ಹಾಕಿ ಸ್ಟಿಕ್‌ಗೆ ಇರುವುದು ಒಂದೇ ಚಪ್ಪಟೆ ಮುಖ, ಎಲ್ಲರೂ ಬಲಗೈ ಕೆಳಗಿಟ್ಟೇ ಹಿಡಿಯಬೇಕು. ಎಡಗಡೆ ಆಡುವಾಗ ಎದುರಿನ ವಿಂಗರ್, ಅಂದರೆ ಅಂಚಿನಿಂದ ನುಗ್ಗುವವಳು, ಲೈನ್ ಹಿಡಿದು ಬಂದರೆ ನಮ್ಮ ರಿವರ್ಸ್ ಕಡೆಗೆ ಬರುತ್ತಾಳೆ, ಅದು ನಮ್ಮ ದುರ್ಬಲ ಬದಿ. ಹಾಗಾಗಿ ಲೈನ್ ಮುಚ್ಚಿ ಅವಳನ್ನು ಒಳಗೆ ತಿರುಗಿಸಬೇಕು. ಬಲಗಡೆ ಇದರ ಉಲ್ಟಾ. ಒಳಗಿನ ದಾರಿ ಮುಚ್ಚಿ ಲೈನ್ ಕಡೆಗೆ ತಳ್ಳಬೇಕು. ಯಾವ ಕಾಲು ಮುಂದೆ, ಸೊಂಟ ಯಾವ ಕಡೆ, ಎಲ್ಲ ತಿರುಗುಮುರುಗು. ವರ್ಷಗಟ್ಟಲೆ ಕಾಲಿಗೆ ಕಲಿಸಿದ್ದನ್ನು ಕಾಲು ಅಷ್ಟು ಬೇಗ ಮರೆಯುತ್ತದಾ? ಮೊದಲ ಪಂದ್ಯದಲ್ಲಿ ಎದುರಿನ ವಿಂಗರ್ ನನ್ನನ್ನು ನಾಲ್ಕೈದು ಸಲ ಒಂದೇ ಜಾಗದಲ್ಲಿ ದಾಟಿ ಹೋದಳು. ಹಾಫ್ ಟೈಮ್‌ಗೆ ನನಗೇ ಬೈಗುಳ.

ಆ ಕೋಚ್ ಕೆಟ್ಟವರಲ್ಲ. ಅವರಿಗೆ ನಮ್ಮಲ್ಲಿ ಯಾರು ಏನು ಅಂತ ಗೊತ್ತೇ ಇರಲಿಲ್ಲ. ನಾನು ಹೇಳುವುದು ಇಷ್ಟೇ: ಮಧ್ಯದಲ್ಲಿ ಬರುವವರಿಗೆ ತಂಡ ಗೊತ್ತಿದ್ದರೆ ಒಂದು ಮಾತು, ಗೊತ್ತಿಲ್ಲದಿದ್ದರೆ ಇನ್ನೊಂದು.

ಕುಂದಾಪ್ರ ಟು ವ್ಯಾಂಕೂವರ್

ಅಕ್ಕ, ನೀವು ಹೇಳಿದ್ದರಿಂದ ಒಂದು ವಿಷಯ ಹೊಳೆಯಿತು. ನಾನು ಮೇಲೆ ಕೊಟ್ಟ ಮೂರು ಉದಾಹರಣೆಯನ್ನು ಮತ್ತೆ ನೋಡಿ. ಬೆರೂಬೆ ಬ್ಲೂಸ್‌ನಲ್ಲೇ ಅಸಿಸ್ಟೆಂಟ್ ಕೋಚ್ ಆಗಿದ್ದವರು. ಬೈಲ್ಸ್ಮಾ, ಸಲಿವನ್ ಇಬ್ಬರೂ ಪಿಟ್ಸ್‌ಬರ್ಗ್‌ನದ್ದೇ ಕೆಳಗಿನ ತಂಡದ ಕೋಚ್‌ಗಳು. ಮೂವರೂ ಮನೆಯೊಳಗಿನವರು. ಹುಡುಗರ ಹೆಸರು ಕೇಳಿ ಶುರು ಮಾಡಬೇಕಾಗಿರಲಿಲ್ಲ.

ಮಣಿಪಾಲ ಲೆಕ್ಕ

ಎಡ್ಮಂಟನ್? 2023ರ ನವೆಂಬರ್‌ನಲ್ಲಿ ಕ್ರಿಸ್ ನೋಬ್ಲಾಕ್ ಬಂದದ್ದು ಬೇರೆ ಸಂಸ್ಥೆಯಿಂದ. ತಂಡ ಆಗ 13 ಪಂದ್ಯದಲ್ಲಿ ಮೂರೇ ಮೂರು ಗೆದ್ದಿತ್ತು. ಆಮೇಲೆ ಸತತ 16 ಗೆದ್ದರು, ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳನೇ ಪಂದ್ಯದವರೆಗೆ ಹೋದರು.

ಕುಂದಾಪ್ರ ಟು ವ್ಯಾಂಕೂವರ್

ಅವರು ಆ ತಂಡದ ಕ್ಯಾಪ್ಟನ್ ಮೆಕ್‌ಡೇವಿಡ್‌ಗೆ ಜೂನಿಯರ್ ದಿನಗಳಲ್ಲಿ ಕೋಚ್ ಆಗಿದ್ದವರು. ಆಫೀಸಿಗೆ ಹೊರಗಿನವರು, ತಂಡಕ್ಕೆ ಅಲ್ಲ.

ನಮ್ಮ ಊರಿನ ಕತೆ ಹೇಳುತ್ತೇನೆ, ಪಡುಬಿದ್ರಿ ಪ್ರೇಕ್ಷಕರ ಮಾತಿಗೆ ಇದು ಹತ್ತಿರ ಬರುತ್ತದೆ. 2021ರ ಡಿಸೆಂಬರ್ 5ರಂದು ವ್ಯಾಂಕೂವರ್ ಕನಕ್ಸ್ ಜನರಲ್ ಮ್ಯಾನೇಜರ್ ಜಿಮ್ ಬೆನ್ನಿಂಗ್, ಕೋಚ್ ಟ್ರಾವಿಸ್ ಗ್ರೀನ್ ಇಬ್ಬರನ್ನೂ ತೆಗೆಯಿತು. ಕೂಡಲೇ ಬ್ರೂಸ್ ಬೂಡ್ರೋ ಕೋಚ್ ಆದರು. ಕೆಲವೇ ದಿನ ಕಳೆದು ಜಿಮ್ ರದರ್‌ಫೋರ್ಡ್ ತಂಡದ ಇಡೀ ಹಾಕಿ ವಿಭಾಗದ ಅಧ್ಯಕ್ಷರಾಗಿ ಬಂದರು. ಅನುಕ್ರಮ ಗಮನಿಸಿ. ಕೋಚ್ ಮೊದಲು ಬಂದದ್ದು, ಕೋಚ್‌ನನ್ನು ಆರಿಸಬೇಕಾದವರು ಆಮೇಲೆ. ಬೂಡ್ರೋ ಕೈಯಲ್ಲಿ ತಂಡ ಆ ಸೀಸನ್ 57 ಪಂದ್ಯದಲ್ಲಿ 32 ಗೆದ್ದಿತು. ಊರಿಗೆ ಊರೇ ಅವರ ಹೆಸರು ಕೂಗುತ್ತಿತ್ತು. ಪ್ಲೇಆಫ್ ಸ್ವಲ್ಪದರಲ್ಲಿ ತಪ್ಪಿತು.

ಮುಂದಿನ ವರ್ಷ ತಂಡ ಬಿದ್ದಿತು. ಆಗ ಶುರುವಾಯಿತು ನೋಡಿ. ಹೊಸ ಕೋಚ್ ಜೊತೆ ಮಾತುಕತೆ ನಡೆದಿದೆ ಅಂತ ಊರಿಗೆಲ್ಲ ಗೊತ್ತು, ಇವರು ಮಾತ್ರ ಇನ್ನೂ ಬೆಂಚಿನ ಹಿಂದೆ ನಿಂತಿದ್ದಾರೆ. 2023ರ ಜನವರಿ 21ರ ರಾತ್ರಿ ಎಡ್ಮಂಟನ್ ವಿರುದ್ಧ ಮನೆ ಪಂದ್ಯ. ಆಟ ಮುಗಿಯುವ ಹೊತ್ತಿಗೆ ಇಡೀ ಸ್ಟೇಡಿಯಂ ಅವರ ಹೆಸರು ಹಾಡುತ್ತಿತ್ತು. ಆ ಮನುಷ್ಯನ ಕಣ್ಣಲ್ಲಿ ನೀರು. ಮರುದಿನ ತೆಗೆದರು. ನನ್ನ ಆಫೀಸಿನ ಕೆನಡಾದವರಿಗೇ ಅವತ್ತು ನಾಚಿಕೆ ಆಗಿತ್ತು.

ಆಮೇಲೆ ಬಂದ ರಿಕ್ ಟಾಕೆಟ್ ಆ ಮ್ಯಾನೇಜ್‌ಮೆಂಟ್ ತಾನೇ ಆರಿಸಿದ ಕೋಚ್. ಮರುವರ್ಷ 109 ಅಂಕ, ಡಿವಿಷನ್‌ನಲ್ಲಿ ಮೊದಲ ಸ್ಥಾನ, ಟಾಕೆಟ್‌ಗೆ ವರ್ಷದ ಕೋಚ್ ಪ್ರಶಸ್ತಿ.

ಪಡುಬಿದ್ರಿ ಪ್ರೇಕ್ಷಕ

ಇದೇ! ಇದನ್ನೇ ನಾನು ಹೇಳುತ್ತಿರುವುದು. ಕೋಚ್ ಮತ್ತು ಮೇಲಿನವರು ಒಂದೇ ದಾರಿಯಲ್ಲಿ ಇರಬೇಕು, ಯಾರು ಏನು ನಿರ್ಧಾರ ಮಾಡುತ್ತಾರೆ ಅಂತ ಮೊದಲೇ ತೀರ್ಮಾನ ಆಗಿರಬೇಕು.

ನಮ್ಮಲ್ಲಿ 2024ರಲ್ಲಿ ಏನಾಯಿತು? ಜನವರಿಯಲ್ಲಿ ರಾಂಚಿಯಲ್ಲಿ ಒಲಿಂಪಿಕ್ಸ್ ಅರ್ಹತಾ ಟೂರ್ನಿ. ಸೆಮಿಯಲ್ಲಿ ಜರ್ಮನಿ ವಿರುದ್ಧ 2-2, ಶೂಟೌಟ್‌ನಲ್ಲಿ ಸೋಲು. ಜಪಾನ್‌ಗೆ 0-1 ಸೋಲು. ಪ್ಯಾರಿಸ್ ತಪ್ಪಿತು. ಫೆಬ್ರವರಿಯಲ್ಲಿ ಪ್ರೊ ಲೀಗ್ ನಡೆಯುತ್ತಿರುವಾಗಲೇ ಕೋಚ್ ಯಾನೆಕೆ ಶಾಪ್‌ಮನ್, ತನಗೆ ಇಲ್ಲಿ ಗೌರವ ಸಿಗುತ್ತಿಲ್ಲ ಅಂತ ಪತ್ರಕರ್ತರ ಮುಂದೆ ಹೇಳಿದರು. ಕೆಲವೇ ದಿನದಲ್ಲಿ ರಾಜೀನಾಮೆ. ಅದೇ ವಾರ ಸುಮಾರು 13 ವರ್ಷ ಇದ್ದ ಸಿಇಒ ಎಲೆನಾ ನಾರ್ಮನ್ ಕೂಡ ರಾಜೀನಾಮೆ ಕೊಟ್ಟರು. ಸೀಸನ್ ನಡುವೆ ಕೋಚೂ ಇಲ್ಲ, ಆಫೀಸ್ ನಡೆಸುವವರೂ ಇಲ್ಲ. ಏಪ್ರಿಲ್‌ನಲ್ಲಿ ಹರೇಂದ್ರ ಬಂದರು. ಅವರಿಗೂ ಎರಡು ವರ್ಷ ತುಂಬಲಿಲ್ಲ.

ಪಿಟಿ ಮಾಸ್ಟ್ರು, ಉಡುಪಿ

ಪ್ರೇಕ್ಷಕರೇ, ನೀವು ಹೇಳುವುದನ್ನೆಲ್ಲ ಕೇಳಿದರೆ ಹರೇಂದ್ರ ಕಾಲದಲ್ಲಿ ಏನೂ ಆಗಲಿಲ್ಲ ಅನಿಸುತ್ತದೆ. 2024ರ ನವೆಂಬರ್‌ನಲ್ಲಿ ರಾಜ್‌ಗಿರ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದದ್ದು ಯಾರ ಕೈಯಲ್ಲಿ? ಫೈನಲ್‌ನಲ್ಲಿ ಚೀನಾ ವಿರುದ್ಧ 1-0. ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದ ದೇಶ ಅದು. 2016ರಲ್ಲಿ ಜೂನಿಯರ್ ಪುರುಷರಿಗೆ ವಿಶ್ವಕಪ್ ತಂದುಕೊಟ್ಟವರೂ ಅವರೇ.

ಮತ್ತೆ ಶಾಪ್‌ಮನ್ ವಿಷಯ. ಅವರು ಮರಿನ್ ಜೊತೆಗೇ ಟೋಕಿಯೋದಲ್ಲಿ ಕೆಲಸ ಮಾಡಿದವರು, ಆಮೇಲೆ ಮುಖ್ಯ ಕೋಚ್ ಆದವರು. ನೀವು ಕೇಳುವ ಮುಂದುವರಿಕೆ ಅಲ್ಲಿ ಇತ್ತಲ್ವಾ? ಮನೆಯೊಳಗಿನವರು ಅಂತ ಕುಂದಾಪ್ರದವರು ಹೇಳಿದ್ದೂ ಇತ್ತು. ಆದರೂ ಪ್ಯಾರಿಸ್‌ಗೆ ಹೋಗಲಿಲ್ಲ.

ಮಣಿಪಾಲ ಲೆಕ್ಕ

ಒಂದು ಶೂಟೌಟ್‌ನಿಂದ ತಪ್ಪಿದ್ದು ಮಾಸ್ಟ್ರೇ. ಜರ್ಮನಿ ವಿರುದ್ಧ ಆ ಒಂದು ಶೂಟೌಟ್ ಈಕಡೆ ಬಂದಿದ್ದರೆ ಶಾಪ್‌ಮನ್ ಪ್ಯಾರಿಸ್‌ನಲ್ಲಿರುತ್ತಿದ್ದರು, ನೀವು ಇವತ್ತು ಮುಂದುವರಿಕೆ ಎಷ್ಟು ಒಳ್ಳೆಯದು ಅಂತ ಬರೆಯುತ್ತಿದ್ದಿರಿ.

ಕೋಚ್‌ನನ್ನು ಉಳಿಸಿಕೊಂಡರೆ ಏನಾಗುತ್ತದೆ ಅಂತ ನೋಡಲು ಪಕ್ಕದಲ್ಲೇ ಉದಾಹರಣೆ ಉಂಟು. ಅದೇ 2025ರ ಜೂನ್‌ನಲ್ಲಿ ನಮ್ಮ ಪುರುಷರ ತಂಡ ಯುರೋಪ್‌ನಲ್ಲಿ ಸತತ 7 ಪಂದ್ಯ ಸೋತಿತು. ಏಳರಲ್ಲಿ ಆರು ಒಂದೇ ಗೋಲಿನ ಸೋಲು. ಕೋಚ್ ಕ್ರೇಗ್ ಫುಲ್ಟನ್‌ರನ್ನು ತೆಗೆಯಿರಿ ಅಂತ ಎಷ್ಟು ಗಲಾಟೆ! ತೆಗೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ರಾಜ್‌ಗಿರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದರು, ವಿಶ್ವಕಪ್ ಟಿಕೆಟೂ ಸಿಕ್ಕಿತು.

ಕದ್ರಿ ಗೋಲಿ

ಏಷ್ಯಾ ಕಪ್ ಸ್ವಾಮಿ ಅದು. ಅಲ್ಲಿ ನೆದರ್ಲೆಂಡ್ಸ್ ಇಲ್ಲ, ಬೆಲ್ಜಿಯಂ ಇಲ್ಲ. ಪುರುಷರ ಹಾಕಿಯಲ್ಲಿ ಏಷ್ಯಾ ನಮಗೆ ಸುಲಭ. ಮಹಿಳೆಯರಿಗೆ ಏಷ್ಯಾದಲ್ಲೇ ಚೀನಾ ಕೂತಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮತ್ತೆ ಬ್ಲೂಸ್ ಬಗ್ಗೆ ಯಾರೂ ಹೇಳದ ಮಾತು. ಆ ಜನವರಿಯಲ್ಲಿ ಬದಲಾದದ್ದು ಕೋಚ್ ಅಲ್ಲ, ಗೋಲಿ, ಅಂದರೆ ಗೋಲ್‌ಕೀಪರ್! ಬೆರೂಬೆ ನವೆಂಬರ್‌ನಲ್ಲೇ ಬಂದಿದ್ದರು, ತಂಡ ಕೊನೆಯಲ್ಲೇ ಇತ್ತು. ಜನವರಿ 7ಕ್ಕೆ ಜೋರ್ಡನ್ ಬಿನ್ನಿಂಗ್ಟನ್ ಅನ್ನುವ ಹುಡುಗನನ್ನು ಮೊದಲ ಸಲ ಆರಂಭದಿಂದ ನಿಲ್ಲಿಸಿದರು, ಒಂದೂ ಗೋಲು ಬಿಡಲಿಲ್ಲ. ಅಲ್ಲಿಂದ ಮೇಲಕ್ಕೆ ಹೋದದ್ದು. ಕೋಚ್‌ಗಳ ಬಗ್ಗೆ ಪುಟಗಟ್ಟಲೆ ಬರೆಯಿರಿ, ಗೋಲ್‌ಕೀಪರ್‌ಗೆ ಒಂದು ಸಾಲು ಕೂಡ ಬೇಡ.

ಕುಂದಾಪ್ರ ಟು ವ್ಯಾಂಕೂವರ್

ಬಿನ್ನಿಂಗ್ಟನ್‌ನನ್ನು ನಿಲ್ಲಿಸಿದ್ದು ಯಾರು? ಕೋಚೇ ಅಲ್ವಾ? ಹೊಸ ಕೋಚ್‌ಗೆ ಹಳೇ ಋಣ ಇರುವುದಿಲ್ಲ. ಹಳಬರು ಧೈರ್ಯ ಮಾಡದ ಬದಲಾವಣೆ ಅವರು ಮಾಡುತ್ತಾರೆ.

ಸಂಪಾಜೆ ದಾಟಿದವ

ನಾನು ಕೊಡಗಿನವನು, ಕೆಲಸ ಮಂಗಳೂರಲ್ಲಿ. ತಡವಾಗಿ ಬಂದೆ.

ನಮ್ಮ ಕಡೆ ಹಾಕಿಗೆ ಕೋಚೇ ಬೇಡ ಅನ್ನುವವರಿದ್ದಾರೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ 60 ಕುಟುಂಬದ ತಂಡ ಬಂದಿತ್ತು. ಈಗ ಮುನ್ನೂರು ದಾಟುತ್ತದೆ. ಅಲ್ಲಿ ಯಾರು ಆಡಬೇಕು ಅಂತ ನಿರ್ಧಾರ ಮಾಡುವುದು ಮನೆಯ ದೊಡ್ಡಪ್ಪ. ಕಳೆದ ಸಲ ನಮ್ಮ ತಂಡದಲ್ಲಿ ಬೆಂಗಳೂರಿನಿಂದ ಬಂದ ಫಿಟ್ ಹುಡುಗ ಹೊರಗೆ ಕೂತ, ಹೊಟ್ಟೆ ಬಿಟ್ಟ ಚಿಕ್ಕಪ್ಪ ಸೆಂಟರ್ ಫಾರ್ವರ್ಡ್. ಯಾಕೆ ಅಂತ ಕೇಳುವ ಹಾಗಿಲ್ಲ. ಮೊದಲ ಸುತ್ತಲ್ಲೇ ಹೊರಬಿದ್ದೆವು, ಊಟ ಮಾತ್ರ ಭರ್ಜರಿ ಇತ್ತು.

ತಮಾಷೆ ಬಿಡಿ. ದೇಶದ ತಂಡಕ್ಕೆ ಬಂದರೂ ನನ್ನ ಪ್ರಶ್ನೆ ಅದೇ. ಆಯ್ಕೆ ಸಮಿತಿ ಬೇರೆ, ಕೋಚ್ ಬೇರೆ. ಕೊನೆಗೆ ಪಟ್ಟಿಯಲ್ಲಿ ಯಾರ ಮಾತು ನಡೆಯುತ್ತದೆ? ಮರಿನ್ ಬರುವಾಗ ಅದನ್ನು ಕೇಳಿಕೊಂಡು ಬಂದಿದ್ದಾರಾ? ಟೋಕಿಯೋದಲ್ಲಿ ಫಿಟ್‌ನೆಸ್ ನೋಡಿಕೊಂಡ ವೇಯ್ನ್ ಲೊಂಬಾರ್ಡ್‌ರನ್ನು ಒಟ್ಟಿಗೇ ಕರೆಸಿಕೊಂಡಿದ್ದಾರೆ, ಅನಲಿಟಿಕಲ್ ಕೋಚ್ ಆಗಿ ಅರ್ಜೆಂಟೀನಾದ ಮತಿಯಾಸ್ ವಿಲಾ ಬಂದಿದ್ದಾರೆ. ಇದು ನೋಡಿದರೆ ಈ ಸಲ ಷರತ್ತು ಹಾಕಿಯೇ ಬಂದ ಹಾಗೆ ಕಾಣುತ್ತದೆ. ಒಳ್ಳೆಯ ಲಕ್ಷಣ.

ಲೆಫ್ಟ್‌ಹಾಫ್ ಅಕ್ಕ

ಲೊಂಬಾರ್ಡ್ ಬಂದದ್ದು ನನಗೂ ಖುಷಿ. ಆದರೆ ಏಳು ವಾರದಲ್ಲಿ ಫಿಟ್‌ನೆಸ್ ಬರುವುದಿಲ್ಲ, ಸುಳ್ಳು ನಿರೀಕ್ಷೆ ಬೇಡ. ಟೋಕಿಯೋ ತಂಡದ ಓಟಕ್ಕೆ ವರ್ಷಗಳ ಕೆಲಸ ಇತ್ತು.

ಅಂದಹಾಗೆ, ಮರಿನ್ ಮನೆಯೊಳಗಿನವರಾ ಹೊರಗಿನವರಾ? ಸವಿತಾ, ಸಲೀಮಾ, ನವನೀತ್, ಲಾಲ್ರೆಮ್ಸಿಯಾಮಿ, ಇವರೆಲ್ಲ ಟೋಕಿಯೋದಲ್ಲಿ ಅವರ ಕೈಯಲ್ಲಿ ಆಡಿದವರು. ಆಮೇಲೆ ಬಂದ ಹುಡುಗಿಯರಿಗೆ ಅವರು ಟಿವಿಯಲ್ಲಿ ನೋಡಿದ ಮನುಷ್ಯ. ಕ್ಯಾಂಪಿನಲ್ಲಿ ಹಳಬರಿಗೆ ಕೋಚ್‌ನ ಭಾಷೆ ಗೊತ್ತು, ಹೊಸಬರಿಗೆ ಇಲ್ಲ. ಹಳಬರ ಕಡೆ ವಾಲುತ್ತಾರೆ ಅಂತ ಹೊಸಬರಿಗೆ ಒಂದು ಸಲ ಅನಿಸಿದರೆ ಮುಗಿಯಿತು. ಇದನ್ನು ಯಾರೂ ಪೇಪರಲ್ಲಿ ಬರೆಯುವುದಿಲ್ಲ, ಆದರೆ ಹಾಸ್ಟೆಲ್ ರೂಮಲ್ಲಿ ರಾತ್ರಿ ಇದೇ ಮಾತು.

ಪಿಟಿ ಮಾಸ್ಟ್ರು, ಉಡುಪಿ

ಏಳು ವಾರದಲ್ಲಿ ಬದಲಾಗುವುದು ಒಂದೇ: ಪೆನಾಲ್ಟಿ ಕಾರ್ನರ್.

ಅದು ಆಟದೊಳಗಿನ ಬೇರೆಯೇ ಆಟ. ಬ್ಯಾಕ್‌ಲೈನ್‌ನಿಂದ ಒಬ್ಬಳು ತಳ್ಳಬೇಕು, ಸರ್ಕಲ್ ಹೊರಗೆ ಒಬ್ಬಳು ನಿಲ್ಲಿಸಬೇಕು, ಮೂರನೆಯವಳು ಎಳೆದು ಫ್ಲಿಕ್ ಮಾಡಬೇಕು. ಎದುರಿನ ರಶರ್ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿಯಬೇಕು. ನಾವು ಮುರಕಲ್ಲಿನ ಮಣ್ಣಿನ ಗ್ರೌಂಡಲ್ಲಿ ಮಕ್ಕಳಿಗೆ ಇದನ್ನು ಕಲಿಸುತ್ತಿದ್ದೆವು. ಚೆಂಡು ನಿಲ್ಲಿಸುವ ಹುಡುಗಿ ಸ್ಟಿಕ್ ಪೂರ್ತಿ ನೆಲಕ್ಕೆ ಮಲಗಿಸುತ್ತಿದ್ದಳು, ಬೆರಳ ಗಂಟಿನ ಚರ್ಮ ಕಿತ್ತು ಹೋಗುತ್ತಿತ್ತು, ಆದರೂ ಚೆಂಡು ಒಂದು ಚೂರು ಜಿಗಿದರೆ ಫ್ಲಿಕ್ ಹಾಳು. ಟರ್ಫ್ ಮೇಲೆ ಜಿಗಿತದ ಕಾಟ ಕಡಿಮೆ, ಆದರೆ ವೇಗ ಜಾಸ್ತಿ. ಮೂವರಿಗೂ ಒಂದೇ ತಾಳ ಬರುವುದು ದಿನಕ್ಕೆ ನೂರಾರು ಸಲ ಮಾಡಿದರೆ ಮಾತ್ರ. ಇದಕ್ಕೆ ಓಟದ ಕಸುವು ಬೇಡ, ಹೊಸ ಫಾರ್ಮೇಷನ್ ಬೇಡ. ಮೂವರನ್ನು ಆರಿಸಿ, ಟೂರ್ನಿ ಮುಗಿಯುವವರೆಗೆ ಬದಲಿಸದೆ ಇದ್ದರೆ ಸಾಕು. ದೀಪಿಕಾ ಫ್ಲಿಕ್ ಹೊಡೆಯಬಲ್ಲಳು. ನಿಲ್ಲಿಸುವವಳು ಯಾರು ಅನ್ನುವುದೇ ಪ್ರಶ್ನೆ.

ಹಾಗಾಗಿ ಪ್ರೇಕ್ಷಕರೇ, ಮಾರ್ಚ್‌ಗೆ ಈ ಬದಲಾವಣೆ ಉಪಯೋಗಕ್ಕೆ ಬರಬಹುದು ಅಂತಲೇ ನನ್ನ ಲೆಕ್ಕ. ನಿಮ್ಮ ಹಾಗೆ ನಾನು ಪೂರ್ತಿ ಕೈ ಚೆಲ್ಲಿಲ್ಲ.

ಪಡುಬಿದ್ರಿ ಪ್ರೇಕ್ಷಕ

ಮಾರ್ಚ್ ಬಗ್ಗೆ ನನಗೂ ಅಷ್ಟು ಭಯ ಇಲ್ಲ ಮಾಸ್ಟ್ರೇ. ಹೈದರಾಬಾದಿನಲ್ಲಿ ದಾಟಬಹುದು. ದಾಟಿದರೆ ಎಲ್ಲರೂ ಕೋಚ್ ಬದಲಿಸಿದ್ದು ಸರಿಯಾಯ್ತು ಅಂತಾರೆ. ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂನಲ್ಲಿ ವಿಶ್ವಕಪ್. ಅಲ್ಲಿ ದೊಡ್ಡ ತಂಡಗಳ ಕೈಯಲ್ಲಿ ಎರಡು ಪಂದ್ಯ ಸೋತರೆ? ಸೆಪ್ಟೆಂಬರ್‌ನಲ್ಲಿ ಜಪಾನ್‌ನಲ್ಲಿ ಏಷ್ಯನ್ ಗೇಮ್ಸ್, ಗೆದ್ದರೆ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ನೇರ ಪ್ರವೇಶ. ಎರಡು ಟೂರ್ನಿಗೂ ನಡುವೆ ಕೆಲವೇ ವಾರ. ಆ ವಾರಗಳಲ್ಲಿ ಯಾರಾದರೂ ಪತ್ರಕರ್ತರ ಮುಂದೆ ಬಾಯಿ ಬಿಟ್ಟರೆ ಮತ್ತೆ 2024 ಆಗುತ್ತದೆ. ನನ್ನ ಭಯ ಅದು.

ಹಾಕಿ ಇಂಡಿಯಾ ಇವತ್ತೇ ಒಂದು ಮಾತು ಹೇಳಲಿ: 2028ರವರೆಗೆ ಮರಿನ್, ಪಟ್ಟಿಯಲ್ಲಿ ಕೊನೆಯ ಮಾತು ಅವರದ್ದು. ಅಷ್ಟಾದರೆ ನಾನು ಈ ಪೋಸ್ಟ್ ಡಿಲೀಟ್ ಮಾಡುತ್ತೇನೆ.

ಮಣಿಪಾಲ ಲೆಕ್ಕ

ಯಾವ ಸಂಸ್ಥೆಯೂ ಹಾಗೆ ಬರೆದು ಕೊಡುವುದಿಲ್ಲ, ಕೊಡಲೂಬಾರದು. ಕೆಟ್ಟ ಕೋಚ್‌ಗೆ ಮೂರು ವರ್ಷ ಕೊಟ್ಟರೆ ಮೂರು ವರ್ಷದ ನಷ್ಟ. ಯಾವುದರ ಮೇಲೆ ಅಳೆಯುತ್ತೇವೆ ಅಂತ ಮೊದಲೇ ಹೇಳಲಿ, ಅಷ್ಟು ಸಾಕು. ಬರೀ ಸೋಲು ಗೆಲುವು ಅಲ್ಲ. ಎಷ್ಟು ಸಲ ಸರ್ಕಲ್ ಒಳಗೆ ಹೋದರು, ಎಷ್ಟು ಪೆನಾಲ್ಟಿ ಕಾರ್ನರ್ ಪಡೆದರು, ಎಷ್ಟು ಹೊಡೆದರು, ಕೊನೆಯ ಕ್ವಾರ್ಟರ್‌ನಲ್ಲಿ ಎಷ್ಟು ಗೋಲು ಬಿಟ್ಟರು.

ಹೈದರಾಬಾದ್ ಟೂರ್ನಿಗೆ ನಾನೇ ಒಂದು ಶೀಟ್ ಮಾಡಿ ಇಲ್ಲಿ ಹಾಕುತ್ತೇನೆ. ಮ್ಯಾಚ್ ನೋಡುವವರು ಒಬ್ಬೊಬ್ಬರು ಒಂದೊಂದು ಕಾಲಂ ತುಂಬಿಸಿ. ಮಾಸ್ಟ್ರೇ, ಪೆನಾಲ್ಟಿ ಕಾರ್ನರ್ ನಿಮಗೆ.

ಪಿಟಿ ಮಾಸ್ಟ್ರು, ಉಡುಪಿ

ಆಯಿತು. ಮೊಬೈಲಲ್ಲಿ ಶೀಟ್ ತುಂಬಿಸುವುದು ಮೊಮ್ಮಗಳ ಕೆಲಸ, ನಾನು ಬಾಯಲ್ಲಿ ಹೇಳುತ್ತೇನೆ.

ಲೆಫ್ಟ್‌ಹಾಫ್ ಅಕ್ಕ

ಎಡಗಡೆಯಿಂದ ಎಷ್ಟು ಸಲ ದಾಟಿ ಬಂದರು ಅನ್ನುವ ಕಾಲಂ ನನಗಿರಲಿ.

ಕದ್ರಿ ಗೋಲಿ

ಶೀಟ್ ನೋಡಿದೆ. ಗೋಲ್‌ಕೀಪರ್ ಸೇವ್‌ಗೆ ಕಾಲಮ್ಮೇ ಇಲ್ಲ! ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ ಅಲ್ವಾ? ಸೇರಿಸಿ ಮಾರಾಯ್ರೆ, ಇಲ್ಲದಿದ್ದರೆ ನಾನು ಬೇರೆ ಶೀಟ್ ಮಾಡುತ್ತೇನೆ.